ಸೀಸದ ವಿಷವೂ ಕೆರೆಯ ಮೀನೂ
ವೇಲ್ಸ್ ದೇಶದಲ್ಲಿ ಸೀಸದ ಗಣಿಗಳ ನೀರು ಸೇರಿದುದರಿಂದ ರೈಡಾಲ್ ನದಿಯು 20ನೆಯ ಶತಮಾನದ ಆರಂಭದಲ್ಲಿ ಮೀನಿಲ್ಲದಂತಾಗಿದ್ದಿತು. ಕ್ಯಾಥ್ಲೀನ್ ಕಾರ್ಪೆಂಟರ್ ಎಂಬ ವಿದುಷಿಯು ಇದರ ಕಾರಣವನ್ನು ಪರೀಕ್ಷಿಸಿ 1927ರಲ್ಲಿ ಪ್ರಕಟಿಸಿದರು. ನೀರಿನಲ್ಲಿ ಕರಗಿದ ಸೀಸದ ಲವಣವು ಕಿವಿರುಗಳ ಮೇಲಣ ಲೋಳೆಯನ್ನು ಹೆಪ್ಪುಗಟ್ಟಿಸುವುದರಿಂದ ಮೀನು ಉಸಿರುಕಟ್ಟಿ ಸಾಯುವುದು. ಅಲ್ಪ ಸೀಸವೇ ಬಹುಕಾಲ ಸೇರುತ್ತಿದ್ದರೆ ಬಾಲವು ಕಪ್ಪಾಗಿ ಬೆನ್ನೆಲುಬು ವಕ್ರವಾಗುವುದುಂಟು. ಸುಣ್ಣದಂಶ ಕಡಮೆಯಿರುವ ನೀರಿನಲ್ಲಿ ಬಾಧೆಯು ಅಧಿಕ.

ಗಣಿಯಿಲ್ಲದ ಊರಿನವರೂ ನಿಶ್ಚಿಂತರಾಗಿರಲಾಗದು. ಹಳೆಯ ಬ್ಯಾಟರಿಗಳನ್ನೊಡೆದು ಸೀಸ ಕರಗಿಸುವವರು ಕೊಳೆನೀರನ್ನೂ ಬೂದಿಯನ್ನೂ ಹಳ್ಳಕ್ಕೆ ಬಿಟ್ಟರೆ, ಅದು ಮಳೆಯೊಡನೆ ಕೆರೆಯನ್ನು ಸೇರಿ ಹೂಳಿನಲ್ಲಿ ವರ್ಷಗಟ್ಟಲೆ ನಿಲ್ಲುವುದು. ಅಂತಹ ಕೆರೆಯ ಮೀನನ್ನುಣ್ಣುವ ಮಕ್ಕಳ ಬುದ್ಧಿಗೂ ಸೀಸವು ಕುಂದು ತರಬಲ್ಲುದು.

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲಿಕರೂ ಕೆರೆಗೆ ನೀರು ತರುವ ಹಳ್ಳಗಳ ದಡದಲ್ಲಿ ಇಂತಹ ಕೆಲಸಕ್ಕೆ ಎಡೆಗೊಡಬಾರದು. ಮೀನು ಸತ್ತು ತೇಲಿದಲ್ಲಿ ಅದನ್ನು ಯಾರೂ ತಿನ್ನದಂತೆ ತಡೆದು, ನೀರನ್ನು ಒಡನೆಯೇ ಪರೀಕ್ಷೆಗೆ ಕಳುಹಿಸತಕ್ಕದ್ದು.