ಪರರ ಮೈಗೆ ಮೊದಲ ಸಲ ಕೈ ಹಚ್ಚುವವರಿಗೆ

ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ — ಈ ನಾಲ್ಕೂ ಊರುಗಳಿಗೆ ರೈಲುಂಟು. ಚಿಂಚೋಳಿಗೆ ಮಾತ್ರ ಇಂದಿಗೂ ಬಸ್ಸೇ ಗತಿ. ರೈಲಿನಲ್ಲಾಗಲಿ ಬಸ್ಸಿನಲ್ಲಾಗಲಿ, ಶುಶ್ರೂಷಾ ಸಹಾಯಕರ ತರಬೇತಿಗೆಂದು ಕಲಬುರಗಿಯ ಕಡೆಗೋ ಹೈದರಾಬಾದಿನ ಕಡೆಗೋ ಹೊರಡುವ ಮಕ್ಕಳ ತಾಯಂದಿರು, ದವಾಖಾನೆಯ ವಾರ್ಡುಗಳಲ್ಲಿಯೇ ತಲೆ ನರೆಸಿಕೊಂಡ ನನ್ನಲ್ಲಿಗೆ ಬಂದು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಮಂದೀ ಹೊಲಸು ಬಳೀಲಾಕ ನಮ್ಮ ಹುಡುಗಿಗಿ ಕಳಸಬೇಕೇನ್ರಿ ಅಕ್ಕೋರ?”

ಈ ಪ್ರಶ್ನೆಗೆ ಸುತ್ತಿ ಬಳಸಿ ಉತ್ತರ ಹೇಳಲಾಗದು. ವಾರ್ಡಿಗೆ ಕಾಲಿಟ್ಟ ಮೊದಲ ದಿನಗಳಲ್ಲಿಯೇ ಬೆಡ್‌ಪ್ಯಾನು ಕೈಗೆ ಬರುತ್ತದೆ. ಮಲಮೂತ್ರ ಮುಟ್ಟುವ ಕೆಲಸವನ್ನು ಕೆಲವೇ ಜಾತಿಗಳ ತಲೆಗೆ ಕಟ್ಟಿ, ಉಳಿದವರು ಮೂಗು ಮುಚ್ಚಿಕೊಂಡು ನಡೆದ ನಾಡು ನಮ್ಮದು. ಆ ಹೇಸಿಗೆ ಬರಿಯ ಮೂಗಿನದಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶುಶ್ರೂಷಾ ಶಾಲೆ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ತೆರೆಯಿತು. ಅದಕ್ಕೆ ಮೊದಲು ಆಕೆ ಈ ಕೆಲಸಕ್ಕೆ ಹೋಗುತ್ತೇನೆಂದಾಗ ಸ್ವಂತ ಮನೆಯವರೇ ಅಡ್ಡ ಬಂದಿದ್ದರು. ಆದುದರಿಂದ ನಮ್ಮ ತಾಯಂದಿರನ್ನು ನಾನು ಹಳಿಯಲಾರೆ. ಆದರೆ ಒಂದು ಮಾತನ್ನು ಅವರಿಗೆ ಹೇಳುತ್ತೇನೆ. ಮಲವು ಡಾಂಬರಿನಂತೆ ಕಪ್ಪಗಿದ್ದರೆ ಹೊಟ್ಟೆಯೊಳಗೆಲ್ಲೋ ರಕ್ತ ಸೋರುತ್ತಿರಬಹುದು. ಅದನ್ನು ಕಂಡು ಸಿಸ್ಟರಿಗೆ ಆ ಕ್ಷಣವೇ ತಿಳಿಸುವುದು ಸಹಾಯಕಿಯ ಕೆಲಸ. ಮುಖ ತಿರುಗಿಸಿ ಚೆಲ್ಲಿ ಬಂದವಳಿಗೆ ಅದು ಕಾಣುವುದಾದರೂ ಹೇಗೆ?

ಉಳಿದ ಪಾಠಗಳು ಇಷ್ಟು ಕಠಿಣವಲ್ಲ. ರೋಗಿ ಮಲಗಿದ್ದಂತೆಯೇ ಹಾಸಿಗೆಯ ಬಟ್ಟೆ ಬದಲಿಸುವುದು, ಒದ್ದೆ ಬಟ್ಟೆಯಿಂದ ಮೈ ಒರೆಸುವುದು, ತಾನಾಗಿ ಹೊರಳಲಾರದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲಾಗಿಸಿ ಹಾಸಿಗೆ ಹುಣ್ಣಾಗದಂತೆ ಕಾಯುವುದು, ಕುಡಿದ ನೀರನ್ನೂ ಹೋದ ಮೂತ್ರವನ್ನೂ ಮಿಲಿಲೀಟರಿನಲ್ಲಿ ಅಳೆದು ಬರೆಯುವುದು. ನಮ್ಮ ಕಡೆಯ ಬೇಸಗೆ 40 ಡಿಗ್ರಿ ದಾಟಿದಾಗ ಈ ಕೊನೆಯ ಲೆಕ್ಕಕ್ಕೆ ಬೆಲೆ ಹೆಚ್ಚು. ಸಾಬೂನಿನಿಂದ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕು. 2016ರ ನಿಯಮಗಳ ಪ್ರಕಾರ ರಕ್ತ ತಾಗಿದ ಹತ್ತಿಗೆ ಹಳದಿ, ಪ್ಲಾಸ್ಟಿಕ್ ನಳಿಕೆ ಮತ್ತು ಕೈಗವಸಿಗೆ ಕೆಂಪು, ಸೂಜಿಗೆ ಬಿಳಿ, ಗಾಜಿನ ಶೀಸೆಗೆ ನೀಲಿ ಡಬ್ಬ. ಕೈಗೆ ಇವೆಲ್ಲ ಬೇಗ ಹತ್ತುತ್ತವೆ. ಬೆನ್ನು ಮಾತ್ರ ಕೆಲವು ವಾರ ತಕರಾರು ಮಾಡುತ್ತದೆ.

ಕಷ್ಟವಾದುದು ಕಿವಿಯ ಕೆಲಸ. ನಮ್ಮ ಈ ಐದು ಊರುಗಳ ದವಾಖಾನೆಗೆ ಬರುವ ರೋಗಿ ಕನ್ನಡದಲ್ಲಿಯೇ ನರಳುತ್ತಾನೆಂಬ ಭರವಸೆಯಿಲ್ಲ. ಶಹಾಬಾದ, ವಾಡಿಗಳಲ್ಲಿ ದಖನಿ ಉರ್ದು, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ, ತೆಲಂಗಾಣದ ಗಡಿಗೆ ಹತ್ತಿದ ಸೇಡಂ, ಚಿಂಚೋಳಿಯ ಹಳ್ಳಿಗಳಲ್ಲಿ ತೆಲುಗು. ತೆಲುಗು ಮುದುಕಿಯೊಬ್ಬಳು “ಆಯಾಸಂ” ಎಂದಳೆನ್ನಿ. ಕನ್ನಡದ ಕಿವಿಗೆ ಅದು ದಣಿವು. ಹೊಸ ಹುಡುಗಿ “ಮಲ್ಕೋ ಅವ್ವಾ” ಎಂದು ಹೊದಿಸಿ ಹೋಗಿಬಿಟ್ಟಾಳು. ಆದರೆ ತೆಲುಗಿನ ಆಯಾಸವೆಂದರೆ ಏದುಸಿರು, ನಮ್ಮವರು ದಮ್ಮು ಎನ್ನುವುದು. ಹೃದಯ ಸೋತು ದಮ್ಮು ಕಟ್ಟಿದವಳನ್ನು ಚಪ್ಪಟೆ ಮಲಗಿಸಿದರೆ ಉಸಿರು ಇನ್ನಷ್ಟು ಬಿಗಿಯುತ್ತದೆ. ಆಕೆಯನ್ನು ದಿಂಬು ಕೊಟ್ಟು ಕೂರಿಸಿ ಸಿಸ್ಟರನ್ನು ಕರೆಯಬೇಕಾಗಿತ್ತು. ಒಂದೇ ಮಾತಿನ ಎರಡು ಅರ್ಥಗಳ ನಡುವೆ ಒಂದು ಜೀವ ಸಿಕ್ಕಿಕೊಳ್ಳಬಹುದು.

ಮಾತು ತಿಳಿಯದಿದ್ದರೂ ಉಸಿರನ್ನು ಎಣಿಸಬಹುದು. ಬೆಳೆದವರಿಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಸಹಜ. ಎಣಿಸುತ್ತಿದ್ದಾರೆಂದು ರೋಗಿಗೆ ತಿಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ಅದಕ್ಕಾಗಿ ನಾಡಿ ಹಿಡಿದ ಕೈಯನ್ನು ಬಿಡದೆ, ನಾಡಿಯನ್ನೇ ನೋಡುತ್ತಿರುವಂತೆ ಎದೆಯ ಏರಿಳಿತವನ್ನು ಒಂದು ಪೂರ್ಣ ನಿಮಿಷ ಎಣಿಸುವುದು ನಮ್ಮ ಕಸಬಿನ ಹಳೆಯ ಜಾಣತನ. ವಾರ್ಡಿನಲ್ಲಿ ನಿರಪರಾಧಿಯಾದ ಕಪಟ ಇದೊಂದೇ ಎಂದು ತೋರುತ್ತದೆ.

ಹಣ ಕಟ್ಟುವ ಮುನ್ನ ತಂದೆತಾಯಿಗಳು ತಿಳಿಯಬೇಕಾದ ಸಂಗತಿಯೊಂದುಂಟು. ಸಹಾಯಕಿ ನರ್ಸ್ ಅಲ್ಲ. ಭಾರತೀಯ ಶುಶ್ರೂಷಾ ಪರಿಷತ್ತಿನ ಕಾನೂನು ಬಂದುದು 1947ರಲ್ಲಿ. ಪರಿಷತ್ತು ಒಪ್ಪಿದ ಎ.ಎನ್.ಎಂ. ಎರಡು ವರ್ಷದ್ದು, ಜಿ.ಎನ್.ಎಂ. ಮೂರು, ಬಿ.ಎಸ್‌ಸಿ. ನರ್ಸಿಂಗ್ ನಾಲ್ಕು, ಇವುಗಳನ್ನು ಮುಗಿಸಿದವರ ಹೆಸರು ರಾಜ್ಯ ಪರಿಷತ್ತಿನಲ್ಲಿ ನೋಂದಣಿಯಾಗುತ್ತದೆ. ಕೆಲವು ತಿಂಗಳ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಪ್ರಮಾಣಪತ್ರ ಬೇರೆ. ಅದನ್ನು ಹಿಡಿದವರು ಇಂಜೆಕ್ಷನ್ ಕೊಡುವಂತಿಲ್ಲ, ಸರ್ಕಾರದ ನರ್ಸ್ ಹುದ್ದೆಗೆ ಅರ್ಜಿ ಹಾಕುವಂತಿಲ್ಲ. 2013ರಲ್ಲಿ ಜಾರಿಗೆ ಬಂದ 371(ಜೆ) ವಿಧಿಯಿಂದ ನಮ್ಮ ಭಾಗದವರಿಗೆ ದೊರೆತ ಮೀಸಲಾತಿಯೂ ಹುದ್ದೆಗೆ ತಕ್ಕ ಓದಿದ್ದವರಿಗೇ ಒದಗುವುದು. ಇದರಿಂದ ಸಹಾಯಕಿಯ ಕೆಲಸ ಸಣ್ಣದಾಗುವುದಿಲ್ಲ. ಆದರೆ ‘ಆರು ತಿಂಗಳಿಗೆ ನರ್ಸ್’ ಎಂದು ಗೋಡೆಗೆ ಚೀಟಿ ಅಂಟಿಸುವವನಿಗೆ ತೊಗರಿ ಮಾರಿದ ದುಡ್ಡು ಕೊಡಬೇಡಿರಿ. ಪ್ರಮಾಣಪತ್ರ ಕೊಡುವವರು ಯಾರು, ಯಾವ ಆಸ್ಪತ್ರೆಯಲ್ಲಿ ಎಷ್ಟು ದಿನ ರೋಗಿಗಳ ನಡುವೆ ಕೆಲಸ ಮಾಡಿಸುತ್ತಾರೆ — ಈ ಎರಡನ್ನು ಬರಹದಲ್ಲಿ ಕೇಳಿರಿ. ರೋಗಿಯ ಮುಖವನ್ನೇ ಕಾಣಿಸದ ತರಬೇತಿ ಈಜು ಕಲಿಸಲು ನೀರಿಲ್ಲದ ಬಾವಿ.

ಹೊರಡುವ ಹುಡುಗಿಯರಿಗೆ ಇನ್ನೊಂದು ಮಾತು. ಉಗುರು ತೆಗೆಯಬೇಕು, ಬಳೆ ಬಿಚ್ಚಬೇಕು. ಬಳೆಯ ಸಂದಿನಲ್ಲಿ ಸೋಂಕು ಅವಿತುಕೊಳ್ಳುತ್ತದೆ. ಮದುವೆಯಾದವರ ಮನೆಯಲ್ಲಿ ಇದಕ್ಕೆ ದೊಡ್ಡ ರಾದ್ಧಾಂತವಾಗುವುದನ್ನು ಕಂಡಿದ್ದೇನೆ. ಅತ್ತೆಯೊಡನೆ ಆ ಮಾತನ್ನು ಮೊದಲೇ ಆಡಿ ಮುಗಿಸಿರಿ. ಜೇಬಿಗೆ ಸಿಕ್ಕಿಸುವ ಗಡಿಯಾರವೊಂದನ್ನು ಕೊಳ್ಳಿರಿ, ಅದಕ್ಕೆ ಸೆಕೆಂಡಿನ ಮುಳ್ಳಿರಲಿ.