ವೀಸಾ ಶುಲ್ಕಕ್ಕೂ ಉಂಟು ಮುಯ್ಯಿ ಲೆಕ್ಕ

ಮದುವೆ ಮನೆಯಲ್ಲಿ ಮುಯ್ಯಿ ಬರೆದುಕೊಳ್ಳೋ ಪುಸ್ತಕ ನೋಡಿರ್ತೀರಿ. ಅವರು ನಮ್ಮ ಮನೆಗೆ ಐನೂರು ಕೊಟ್ಟಿದ್ದರೆ, ನಾವೂ ಅವರ ಮನೆಗೆ ಅಷ್ಟು ಕೊಡಲೇಬೇಕು. ದೇಶಗಳ ನಡುವೆಯೂ ಇಂಥದ್ದೊಂದು ಲೆಕ್ಕ ಇದೆ. ‘ನಮ್ಮ ಜನರಿಂದ ನೀವೆಷ್ಟು ವೀಸಾ ಶುಲ್ಕ ತಗೋತೀರೋ, ನಿಮ್ಮವರಿಂದ ನಾವೂ ಅಷ್ಟೇ ತಗೋತೀವಿ’ ಅನ್ನೋದು ಆ ಲೆಕ್ಕ. ವ್ಯತ್ಯಾಸ ಇಷ್ಟೇ: ಇಲ್ಲಿ ಮುಯ್ಯಿ ತೀರಿಸೋದು ಸರ್ಕಾರ ಅಲ್ಲ, ಬ್ಯಾಗ್ ಹೊತ್ತು ಹೊರಟ ಪ್ರವಾಸಿ.

ಕನ್ನಡಿಯಲ್ಲಿ ಕಂಡ 160 ಡಾಲರ್

ಇದರ ಸ್ಪಷ್ಟ ಉದಾಹರಣೆ ದಕ್ಷಿಣ ಅಮೆರಿಕದಲ್ಲಿದೆ. ಅಮೆರಿಕದ ಪ್ರವಾಸಿ ವೀಸಾ ಅರ್ಜಿ ಶುಲ್ಕ 2008ರಲ್ಲಿ 131 ಡಾಲರ್, 2010ರಲ್ಲಿ 140, 2012ರಲ್ಲಿ 160 ಆಯಿತು. ಚಿಲಿ ಮತ್ತು ಅರ್ಜೆಂಟೀನಾ ಕೂಡ ತಮ್ಮಲ್ಲಿಗೆ ಬರುವ ಅಮೆರಿಕನ್ನರ ಮೇಲಿನ ಶುಲ್ಕವನ್ನು ಅದೇ ಮೆಟ್ಟಿಲಲ್ಲಿ ಏರಿಸಿದವು. ನಾಲ್ಕು ಜನರ ಕುಟುಂಬಕ್ಕೆ ಬರೀ ಒಳಗೆ ಕಾಲಿಡೋಕೆ 640 ಡಾಲರ್!

ಚಿಲಿ ಇದನ್ನು ವಸೂಲಿ ಮಾಡ್ತಿದ್ದದ್ದು ಸ್ಯಾಂಟಿಯಾಗೊ ವಿಮಾನ ನಿಲ್ದಾಣದಲ್ಲಿ ಮಾತ್ರ. ಹಾಗಾಗಿ ಎರಡೂ ದೇಶ ನೋಡೋ ಪ್ಲಾನ್ ಇದ್ದವರು ಅರ್ಜೆಂಟೀನಾದ ಮೆಂಡೋಸಾದಿಂದ ಬಸ್ ಹತ್ತಿ, ಆಂಡಿಸ್ ಪರ್ವತ ದಾಟಿ ಚಿಲಿಗೆ ಹೋದರೆ ಶುಲ್ಕ ಉಳಿಯುತ್ತಿತ್ತು. ಅರ್ಜೆಂಟೀನಾದಲ್ಲೂ ಮೊದಲು ವಿಮಾನ ನಿಲ್ದಾಣದಲ್ಲಷ್ಟೇ ಇದ್ದ ವಸೂಲಿ 2013ರಲ್ಲಿ ಎಲ್ಲ ಗಡಿಗಳಿಗೂ ಬಂತು.

ಕೊನೆಗೆ 2014ರಲ್ಲಿ ಅಮೆರಿಕ ಚಿಲಿಯವರಿಗೆ ವೀಸಾ ವಿನಾಯಿತಿ ಕೊಟ್ಟಿತು, ಚಿಲಿ ಶುಲ್ಕ ಕೈಬಿಟ್ಟಿತು. ಅರ್ಜೆಂಟೀನಾ 2016ರಲ್ಲಿ, ಒಬಾಮಾ ಭೇಟಿಯ ಹೊತ್ತಿಗೆ, ಅಮೆರಿಕನ್ನರ ಶುಲ್ಕ ನಿಲ್ಲಿಸಿತು.

ಒಂದೇ ಜಲಪಾತ, ಎರಡು ಲೆಕ್ಕ

ಬ್ರೆಜಿಲ್ ಕಥೆ ಇನ್ನೂ ಸ್ವಾರಸ್ಯ. 2019ರ ಜೂನ್‌ನಲ್ಲಿ ಅದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಜಪಾನ್ ಪ್ರವಾಸಿಗರಿಗೆ ವೀಸಾ ತೆಗೆದುಹಾಕಿತು. ಅವರು ಬ್ರೆಜಿಲಿಯನ್ನರಿಗೆ ವೀಸಾ ತೆಗೆದಿರಲಿಲ್ಲ, ಆದರೂ. ಸರ್ಕಾರ ಬದಲಾದ ಮೇಲೆ ‘ಕೊಟ್ಟು-ತಗೊಳ್ಳೋದು ಸಮ ಇರಲಿ’ ಎಂಬ ವಾದ ಗೆದ್ದಿತು. ಮೂರು ಬಾರಿ ಮುಂದೂಡಿ, 2025ರ ಏಪ್ರಿಲ್ 10ರಿಂದ ಮೊದಲ ಮೂರು ದೇಶಗಳವರಿಗೆ ಇ-ವೀಸಾ ಮತ್ತೆ ಬಂತು. ಶುಲ್ಕ 80.90 ಡಾಲರ್. ಜಪಾನ್ ಹೊರಗುಳಿಯಿತು. ಯಾಕಂದ್ರೆ ಅದು 2023ರಲ್ಲಿ ಬ್ರೆಜಿಲಿಯನ್ನರಿಗೂ ಬಾಗಿಲು ತೆರೆದಿತ್ತು.

ಇದರ ಬಿಸಿ ತಟ್ಟೋದು ಇಗ್ವಾಸು ಜಲಪಾತದಂಥ ಕಡೆ. ಗಡಿಯಲ್ಲಿರೋ ಈ ಜಲಪಾತದ ಹೆಚ್ಚಿನ ಭಾಗ ಅರ್ಜೆಂಟೀನಾದಲ್ಲಿದೆ, ಇಡೀ ನೋಟ ಒಂದೇ ಕಣ್ಣಳತೆಗೆ ಸಿಗೋದು ಬ್ರೆಜಿಲ್ ಕಡೆಯಿಂದ. ಅಮೆರಿಕನ್ ಪಾಸ್‌ಪೋರ್ಟ್ ಇರೋ ನಿಮ್ಮ ಕಸಿನ್ ಹೋದರೆ ಒಂದು ದಡಕ್ಕೆ ವೀಸಾನೇ ಬೇಡ, ಇನ್ನೊಂದಕ್ಕೆ ತಲೆಗೆ 80.90 ಡಾಲರ್. ಅರ್ಧ ದಿನದ ನೋಟಕ್ಕೆ ಇಷ್ಟು ಬೇಕಾ ಅಂತ ಯೋಚಿಸಿದರೆ ತಪ್ಪಲ್ಲ. ಆಗ ನಷ್ಟ ಆಗೋದು ನಿಯಮ ಮಾಡಿದವರಿಗಲ್ಲ. ಆ ದಡದ ಹೋಟೆಲ್, ಟ್ಯಾಕ್ಸಿ, ಗೈಡ್‌ಗಳಿಗೆ.

ಹಾಗಂತ ಬ್ರೆಜಿಲ್‌ನ ವಾದವನ್ನೂ ತಳ್ಳಿಹಾಕೋಕಾಗಲ್ಲ. ಕಾನ್ಸುಲೇಟ್ ಮುಂದೆ ಫೈಲ್ ಹಿಡಿದು ನಿಂತ ಭಾರತೀಯರಿಗೆ ಆ ಸಂಕಟ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನಮ್ಮ ಜೇಬಿನ ಮಾತು

2024ರ ಜೂನ್‌ನಲ್ಲಿ ಷೆಂಗೆನ್ ವೀಸಾ ಶುಲ್ಕ 80ರಿಂದ 90 ಯೂರೋಗೆ ಏರಿತು. 6ರಿಂದ 11 ವರ್ಷದ ಮಕ್ಕಳಿಗೆ 45. ಗಂಡ, ಹೆಂಡತಿ, ಎಂಟು ವರ್ಷದ ಮಗು ಹೊರಟರೆ 225 ಯೂರೋ. ಅರ್ಜಿ ತಿರಸ್ಕೃತವಾದರೆ ಆ ದುಡ್ಡು ವಾಪಸ್ ಬರಲ್ಲ. ಅದೇ 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್, ಡಿಸೆಂಬರ್‌ನಲ್ಲಿ ಮಲೇಷ್ಯಾ ನಮಗೆ ವೀಸಾ ಬೇಡ ಅಂದವು. ಬೆಂಗಳೂರಿನಿಂದ ನೇರ ವಿಮಾನವೂ ಇದೆ. ಲಾಂಗ್ ವೀಕೆಂಡ್‌ಗೆ ಆಫೀಸಿನ ಗ್ಯಾಂಗ್ ಯಾವ ಕಡೆ ವಾಲುತ್ತೆ ಅಂತ ಹೇಳಬೇಕಾ?

ನಮ್ಮ ದೇಶದ ಇ-ವೀಸಾ ಶುಲ್ಕವೂ ದೇಶದಿಂದ ದೇಶಕ್ಕೆ ಬೇರೆ. ಹಂಪಿಗೆ ಬರೋ ವಿದೇಶಿಗರೂ ನಮ್ಮ ಹಾಗೇ ಕೂಡಿಸಿ ಕಳೆಯುತ್ತಾರೆ.

ಟಿಕೆಟ್ ಬುಕ್ ಮಾಡೋ ಮುಂಚೆ ಮೂರು ವಿಷಯ ನೋಡಿ:

- ಶುಲ್ಕವನ್ನು ತಲೆಗಲ್ಲ, ಇಡೀ ಮನೆಗೆ ಲೆಕ್ಕ ಹಾಕಿ. ವೀಸಾ ಕೇಂದ್ರದ ಸೇವಾ ಶುಲ್ಕವನ್ನೂ ಸೇರಿಸಿ.
- ವೀಸಾ ಎಷ್ಟು ವರ್ಷ ಬಾಳುತ್ತೆ, ಎಷ್ಟು ಸಲ ಹೋಗಬಹುದು ನೋಡಿ. ಹತ್ತು ವರ್ಷದ ವೀಸಾದ 185 ಡಾಲರ್, ಒಂದೇ ಟ್ರಿಪ್ಪಿನ 90 ಯೂರೋಗಿಂತ ಅಗ್ಗ ಆಗಬಹುದು.
- ನಿಯಮಗಳು ಬದಲಾಗುತ್ತಲೇ ಇರುತ್ತವೆ. ಹಳೇ ರೀಲ್ಸ್ ನಂಬಬೇಡಿ, ಆಯಾ ಸರ್ಕಾರದ ಅಧಿಕೃತ ವೆಬ್‌ಸೈಟ್ ನೋಡಿ.

ಮುಯ್ಯಿ ಪುಸ್ತಕ ಮುಚ್ಚೋಕೆ ಚಿಲಿ, ಜಪಾನ್ ಉದಾಹರಣೆ ಸಾಕು: ಎರಡೂ ಕಡೆಯವರು ಬಾಗಿಲು ತೆಗೆದಾಗಲೇ ಲೆಕ್ಕ ಚುಕ್ತಾ ಆಯಿತು.