‘ಕಟಕ್’ ಎಂದದ್ದು ಯಾವುದು?

‘ವಿಮಾನ ಕೈಕೊಡುವುದು ಮೆಕ್ಯಾನಿಕ್‌ಗಳ ಸೋಮಾರಿತನದಿಂದಲೋ, ಹತ್ತಿದವರ ಗ್ರಹಚಾರದಿಂದಲೋ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಗ್ರಹಚಾರದ ಮಾತು ಬೇಡ. ಶನಿ, ರಾಹುಗಳ ಮೇಲೆ ಹೊರೆ ಹಾಕಿದರೆ ಕಾರಣ ಹುಡುಕುವ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಅದೇ ತಪ್ಪು ಇನ್ನೊಂದು ವಿಮಾನದಲ್ಲೂ ನಡೆಯುತ್ತದೆ. ಆದರೆ ಸೋಮಾರಿತನವೆಂಬ ಉತ್ತರವೂ ನನಗೆ ಒಪ್ಪಿಗೆಯಿಲ್ಲ.

1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಗಾಕ್ಕೆ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನ 17,300 ಅಡಿ ಎತ್ತರದಲ್ಲಿದ್ದಾಗ ಮುಂಗಾಜು ಕಿತ್ತುಹೋಯಿತು. ಕ್ಯಾಪ್ಟನ್ ಟಿಮ್ ಲ್ಯಾಂಕ್ಯಾಸ್ಟರ್ ಅರ್ಧ ಹೊರಗೆ ಸೆಳೆದುಹೋದರು. ಸಿಬ್ಬಂದಿ ಅವರ ಕಾಲು ಬಿಡದೆ ಹಿಡಿದರು, ಸಹಪೈಲಟ್ ಆಲಸ್ಟೇರ್ ಆಚಿಸನ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸಿದರು. ಎಲ್ಲರೂ ಉಳಿದರು. ಆ ಗಾಜನ್ನು ಕೂರಿಸಿ ಇನ್ನೂ 27 ಗಂಟೆಯಷ್ಟೇ ಆಗಿತ್ತು.

ಕೂರಿಸಿದವರು ಅನುಭವಿ ಪಾಳಿ ಮೇಲ್ವಿಚಾರಕರು. ಜನ ಕಡಿಮೆಯಿದ್ದುದರಿಂದ ತಾವೇ ಕೆಲಸಕ್ಕಿಳಿದಿದ್ದರು. ಹೊತ್ತು ಬೆಳಗಿನ ಜಾವದ ಮೂರರಿಂದ ಐದು, ನಮ್ಮ ಮೈಯೊಳಗಿನ ಗಡಿಯಾರ ಅತ್ಯಂತ ಮಂದವಾಗಿರುವ ವೇಳೆ. ಬೇಕಿದ್ದುದು ‘8ಡಿ’ ಬೋಲ್ಟು. ಸ್ಟೋರಿನವರು ಹಾಗೆಂದೇ ಹೇಳಿದರು. ಆದರೆ ಬಿಚ್ಚಿದ ಹಳೆಯ ಬೋಲ್ಟುಗಳು ‘7ಡಿ’. ಅವೇ ತುಸು ಗಿಡ್ಡ, ತಪ್ಪು ಬೋಲ್ಟುಗಳು. ಆದರೂ ವರ್ಷಗಟ್ಟಲೆ ಗಾಜನ್ನು ಹಿಡಿದಿಟ್ಟಿದ್ದವು. ಇಷ್ಟು ಕಾಲ ನಿಂತದ್ದು ಮುಂದೆಯೂ ನಿಲ್ಲುತ್ತದೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಸ್ಟೋರಿನಲ್ಲಿ ಅಂಥ 7ಡಿ ಬೋಲ್ಟುಗಳು ಸಾಲದೆ ಬಂದಾಗ ಅವರು ಇನ್ನೊಂದು ಉಗ್ರಾಣಕ್ಕೆ ಹೋಗಿ, ಮಂದ ಬೆಳಕಿನಲ್ಲಿ ಹಳೆಯದಕ್ಕೆ ಹೋಲಿಸಿ ನೋಡಿ ಹೊಸವನ್ನು ಆರಿಸಿದರು. ಗಾಜಿಗೆ ಒಟ್ಟು 90 ಬೋಲ್ಟು. ಅವುಗಳಲ್ಲಿ 84 ಬೋಲ್ಟುಗಳ ದಪ್ಪ ಇರಬೇಕಾದ್ದಕ್ಕಿಂತ ಸುಮಾರು 0.66 ಮಿಲಿಮೀಟರ್ ಕಡಿಮೆ.

ತೆಳ್ಳನೆಯ ಬೋಲ್ಟು ಬಿಗಿಯುವಾಗ ಗೊತ್ತಾಗಬೇಕಲ್ಲವೇ? ನಾನು ಇಡೀ ಪ್ರಕರಣದಲ್ಲಿ ಮತ್ತೆ ಮತ್ತೆ ಓದುವುದು ಈ ಭಾಗವನ್ನೇ. ಅವರ ಕೈಲಿದ್ದದ್ದು ನಿಗದಿತ ಬಿಗಿ ಮುಟ್ಟಿದೊಡನೆ ‘ಕಟಕ್’ ಎಂದು ಬಿಟ್ಟುಕೊಡುವ ಸ್ಕ್ರೂಡ್ರೈವರ್. ತೆಳು ಬೋಲ್ಟಿನ ಥ್ರೆಡ್ ನಟ್ಟಿನೊಳಗೆ ಜಾರಿದಾಗಲೂ ಕೈಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅದೇ ‘ಕಟಕ್’! ಹಿಡಿತ ತಪ್ಪಿದ ಸುದ್ದಿಯೇ ಬಿಗಿಯಾದ ಸುದ್ದಿಯಂತೆ ಬೆರಳಿಗೆ ತಲುಪಿತು. ಬೋಲ್ಟಿನ ತಲೆ ಕುಳಿಯೊಳಗೆ ಅತಿ ಆಳಕ್ಕಿಳಿದದ್ದು ಕಾಣಬಹುದಿತ್ತು. ಆದರೆ ಅವರು ದೂರಕ್ಕೆ ಕೈಚಾಚಿ ದುಡಿಯುತ್ತಿದ್ದರು, ತಮ್ಮ ಕೈಯೇ ಅಡ್ಡ ಬಂತು. ಇನ್ನು ಈ ಗಾಜನ್ನು ಕೂರಿಸುವುದು ಹೊರಗಿನಿಂದ. ಒಳಗಿನ ಗಾಳಿ ಅದನ್ನು ಆಚೆ ತಳ್ಳುತ್ತಲೇ ಇರುತ್ತದೆ, ತಡೆಯುವ ಹೊಣೆಯೆಲ್ಲ ಬೋಲ್ಟುಗಳದೇ.

ಇದು ಮೈಗಳ್ಳನ ಕೆಲಸವೇ? ಕಣ್ಣು, ಬೆರಳು, ಹಳೆಯ ಅನುಭವ ಮೂರೂ ಒಟ್ಟಿಗೆ ಸುಳ್ಳು ಸಾಕ್ಷಿ ನುಡಿದಾಗ ಬೇಕಾದದ್ದು ಇನ್ನೊಬ್ಬರ ಕಣ್ಣು. ಆಗಿನ ನಿಯಮದಲ್ಲಿ ಮುಂಗಾಜಿಗೆ ಎರಡನೆಯವರ ತಪಾಸಣೆ ಕಡ್ಡಾಯವಿರಲಿಲ್ಲ. ಕೆಲಸ ಮಾಡಿದವರೇ ಸರಿಯಿದೆಯೆಂದು ಸಹಿ ಹಾಕಿದರು. ಬ್ರಿಟನ್ನಿನ ತನಿಖಾಧಿಕಾರಿಗಳು 1992ರ ವರದಿಯಲ್ಲಿ ಆ ಸಹಿಯ ಪದ್ಧತಿಯನ್ನೇ ಪ್ರಶ್ನಿಸಿದರು. ಕನ್ನಡಕದ ಅಗತ್ಯವಿರುವ ಎಂಜಿನಿಯರುಗಳು ಕೆಲಸದ ವೇಳೆ ಅದನ್ನು ಧರಿಸುವ ವಿಷಯವನ್ನೂ ಎತ್ತಿದರು. ಆ ರಾತ್ರಿ ಮೇಲ್ವಿಚಾರಕರು ತಮ್ಮ ಓದುವ ಕನ್ನಡಕ ಹಾಕಿಕೊಂಡಿರಲಿಲ್ಲ.